ಕಂಬದ ಮೇಲಿನ ಕೈ

ಅಪ್ಪ ಮುಖ ಕೀಳುವ ಕೆಲಸಕ್ಕೆ ಹೋದ ವಾರ
ಅಮ್ಮ ಒಲೆ ಹಚ್ಚಲಿಲ್ಲ.
ಉಪ್ಪಿನಲ್ಲಿಟ್ಟ ಹಾವುಮೀನು ತಿಂದು ಮಲಗಿದೆವು.
ರಾವೆನ್ನಾದ ಕಪ್ಪೆಗಳು ಜೌಗಿನ ತುಂಬ
ಬೆಳಗಿನವರೆಗೂ ತಮ್ಮ ಸಭೆ ನಡೆಸಿದವು.

ಕೆಲಸ ಇಷ್ಟೇ. ಗೋತರ ದೊರೆ ಕಟ್ಟಿಸಿದ ಇಗರ್ಜಿಯ ಗೋಡೆಯಲ್ಲಿ
ಗಾಜುಹರಳಿನ ಅರಮನೆ,
ಕಂಬ ಕಂಬದ ನಡುವೆ ಅವನ ಮಂದಿ
ಕೈಯೆತ್ತಿ ನಿಂತಿದ್ದರು.
ಈಗ ದೊರೆ ಇಲ್ಲ. ಹಡಗಿನಲ್ಲಿ ಬಂದ ಹೊಸ ದಂಡನಾಯಕರು,
ಹೊಸ ಬಿಷಪ್ಪರು, ಹೊಸ ಅಪ್ಪಣೆ:
ಸುತನನ್ನು ಪಿತನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದವರು
ಗೋಡೆಯ ಮೇಲೂ ನಿಲ್ಲಕೂಡದು.
ಮನುಷ್ಯರಿದ್ದ ಕಡೆ ಪರದೆ ಮಾಡು,
ಬಿಳಿಯದು, ನಡುವೆ ಗಂಟು ಹಾಕಿದ್ದು.
ಕೂಲಿ, ತಲೆಗೆ ಇಷ್ಟು ಎಂದು.

ಎಡದಿಂದ ಮೂರನೆಯ ತಲೆ ಅಮ್ಮನ ಅಣ್ಣ ಗುದಿಲನದು.
ಲಾಯ ನೋಡಿಕೊಳ್ಳುತ್ತಿದ್ದವನು.
ಕುದುರೆ ಒದ್ದ ಗುರುತಿಗೆ, ಕಿವಿಯ ಪಕ್ಕ,
ಯಾರೋ ಒಂದೇ ಒಂದು ಕೆಂಪು ಹರಳು ಕೂರಿಸಿದ್ದರು.

ಒಂದೇ ತಟ್ಟೆಯಲ್ಲಿ ಉಂಡು
ಎರಡು ಇಗರ್ಜಿಗೆ ಹೋಗುವ ಮನೆ ನಮ್ಮದು.
"ಅಪ್ಪ ಮೊದಲು, ಮಗ ಆಮೇಲೆ.
ಕೋಳಿಗೂ ಗೊತ್ತಿರುವುದು ನಿಮ್ಮ ಬಿಷಪ್ಪರಿಗೆ ಗೊತ್ತಿಲ್ಲವೇ?"
ಅನ್ನುವಳು ಅಮ್ಮ.
ಅಪ್ಪ ಸೌಟಿನಿಂದ ನನ್ನನ್ನು ತೋರಿಸುವನು:
"ಇವಳು ಹುಟ್ಟುವ ಹಿಂದಿನ ದಿನ ನಾನು ಬರೀ ಸೆಕುಂದಿನ.
ಅಪ್ಪನೂ ಮಗುವೂ ಒಂದೇ ಗಳಿಗೆಯಲ್ಲಿ ಹುಟ್ಟುವುದು ಕಣೇ.
ದೇವರು ಎಂದಾದರೂ ಬರೀ ದೇವರಾಗಿದ್ದನೇ,
ಅಪ್ಪನಾಗದೆ?"

ಅಲ್ಲಿಂದ ಮಾತು ತಮ್ಮನ ಕಡೆ ತಿರುಗುತ್ತಿತ್ತು. ಯಾವಾಗಲೂ.
ಜೌಗಿನ ಜ್ವರದಲ್ಲಿ ಹೋದವನು, ಮೂರು ತುಂಬಿರಲಿಲ್ಲ.

"ಬಾಯಾರಿದೆ ಅಂದವನು ಅವನು" ಅಮ್ಮ ದನಿ ಇಳಿಸುವಳು.
"ನನ್ನ ಕೂಗು ಕೇಳಬೇಕಾದರೆ ನನ್ನಷ್ಟೇ ಕುಳ್ಳ ಇರಬೇಕು.
ಹೊತ್ತೊಯ್ದು ಮೇಲೆ ಕೂರಿಸಬೇಡಿ ಅವನನ್ನ."

"ಸಾವಿನ ಮನೆಗೆ ಆಳು ಕಳಿಸುತ್ತಾರೇನೇ, ರನಿಲೋ?
ತಾವೇ ಬರುತ್ತಾರೆ.
ತಾನೇ ಬಂದಿದ್ದ ಅವನು. ಇಲ್ಲವಾದರೆ
ಆ ರಾತ್ರಿ ಈ ಮನೆಗೆ ಯಾರೂ ಬರಲಿಲ್ಲ ಅಂತ ಲೆಕ್ಕ."

ಇಬ್ಬರೂ ಒಂದೇ ಮಾತು ಆಡಿದಂತೆ ಕೇಳುತ್ತಿತ್ತು ನನಗೆ.
ಬಾಯಿಬಿಟ್ಟು ಹೇಳಿ ಒಮ್ಮೆ
ಇಬ್ಬರಿಂದಲೂ ಏಟು ತಿಂದೆ.

ಅಟ್ಟಣೆಯ ಕೆಳಗೆ ಕೂತು ಹರಳು ಆರಿಸಿದವಳು ನಾನು.
ಚಿನ್ನದ ರೇಕಿನವು ಒಂದು ಬುಟ್ಟಿ, ನೀಲಿ ಒಂದು,
ಮೈಬಣ್ಣದವು ಇನ್ನೊಂದು.
ಅಪ್ಪನ ಉಳಿ ಮೇಲೆ ಟಕ್ ಟಕ್ ಎನ್ನುತ್ತಿತ್ತು.
ಮೂಗು, ತುಟಿ, ಹಣೆ
ಸುಣ್ಣದ ಪುಡಿಯೊಡನೆ ತಲೆಯ ಮೇಲೆ ಬೀಳುತ್ತಿದ್ದವು.
ಕೆಂಪು ಹರಳಿಗೆ ಕಾದೆ. ಯಾವಾಗ ಬಿತ್ತೋ ಕಾಣೆ.

ಎರಡು ವರ್ಷಕ್ಕೆ ಆ ಮೈಬಣ್ಣದ ಬುಟ್ಟಿ
ಮೇಲಿನ ಸಾಲಿನ ಸಂತರ ಮುಖಕ್ಕೆ ಖರ್ಚಾಯಿತು.
ಬಿಷಪ್ಪರು ಬಂದು ಧೂಪ ಹಾಕಿದರು.
ಗಾಜು ಅದೇ ಗಾಜು.
ಯಾವ ಕೆನ್ನೆ ಯಾವ ಕೆನ್ನೆಗೆ ಸೇರಿತೋ
ನನ್ನನ್ನು ಕೇಳಬೇಡಿ.

ಪಾಸ್ಕದ ದಿನ ಅಮ್ಮ ಅಲ್ಲಿಗೆ ಬಂದಳು, ಅದೇ ಮೊದಲು.
ಎರಡು ಇಗರ್ಜಿಗಳಲ್ಲಿ ಒಂದಕ್ಕೆ ಬೀಗ ಬಿದ್ದಿತ್ತು.
ತಲೆಯೆತ್ತಿ ಪರದೆಗಳನ್ನು ಎಣಿಸಿದಳು. ಒಂದು, ಎರಡು.
ಮೂರನೆಯದರ ಪಕ್ಕ, ಬಿಳಿ ಕಂಬದ ಮೇಲೆ
ಒಂದು ಕೈ. ಮಣಿಕಟ್ಟಿನಿಂದ ಬೆರಳಿನವರೆಗೆ.
ಹಿಂದೆ ಯಾರೂ ಇಲ್ಲ.

ಅಮ್ಮ ಅಪ್ಪನ ತೋಳು ಜಗ್ಗಿದಳು.
"ಕೈ ಮಾತ್ರ ಕಳಿಸಿದ್ದಾನೋ,
ಪರದೆಯ ಹಿಂದೆ ತಾನೇ ನಿಂತಿದ್ದಾನೋ?"

ಜನ ಮೊಣಕಾಲೂರುತ್ತಿದ್ದರು. ಅಪ್ಪನೂ ಊರಿದ.
"ಕಂಬಕ್ಕೆ ಕೂಲಿ ಮಾತಾಗಿರಲಿಲ್ಲ" ಅಂದ.